ಅಚ್ಚು ಏರದೆ ಜೀಪು ಏರಿದಾಗ

ಶಹಾಪುರ ತಾಲ್ಲೂಕಿನ ಶಿರವಾಳಕ್ಕೆ ಹೊರಗಿನವರು ಹೋಗುವುದು ಸಾಮಾನ್ಯವಾಗಿ ಅಲ್ಲಿನ ಹಳೆಯ ಕಲ್ಲಿನ ಗುಡಿಗಳನ್ನು ನೋಡಲು. ಆ ಗುಡಿಗಳ ಬಗ್ಗೆ ಇತಿಹಾಸದ ಪುಸ್ತಕಗಳಲ್ಲಿ ನಾಲ್ಕು ಸಾಲಾದರೂ ಸಿಗುತ್ತವೆ. ಅವುಗಳ ಸುತ್ತಲಿನ ನೆಲದ ಬಗ್ಗೆ ಬರೆದವರು ಕಡಿಮೆ. ಮಳೆಗಾಲದಲ್ಲಿ ಹೋದವರಿಗೆ ಮೊದಲು ಎದುರಾಗುವುದು ಮಾತ್ರ ಆ ನೆಲವೇ. ಕೃಷ್ಣಾ ಮತ್ತು ಭೀಮಾ ನದಿಗಳ ನಡುವೆ ಹರಡಿರುವ ಸಗರನಾಡಿನ ಎರೆಮಣ್ಣು ಬೇಸಿಗೆಯಲ್ಲಿ ಬಾಯಿ ಬಿಟ್ಟು ಬಿರಿಯುತ್ತದೆ, ನಾಲ್ಕು ಮಳೆ ಬಿದ್ದರೆ ಅಂಟಾಗಿ ಕಾಲಿನ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ. ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿದ ಯಾವ ಗಾಲಿಯೂ ಈ ಮಣ್ಣಿಗೆ ಲೆಕ್ಕ ಒಪ್ಪಿಸಲೇಬೇಕು.

ಇಂಥ ರಾಡಿಯಲ್ಲಿ ಜೀಪೊಂದು ಸಿಕ್ಕಿಕೊಂಡರೆ ಬಗ್ಗಿ ಅದರ ಹೊಟ್ಟೆಯ ಕೆಳಗೆ ನೋಡಬೇಕು. ಅನೇಕ ಸಲ ಗಾಲಿಗಳು ತಿರುಗುತ್ತಲೇ ಇರುತ್ತವೆ. ಆದರೆ ಎರಡು ಗಾಲಿಗಳ ನಡುವೆ, ಅಚ್ಚಿನಲ್ಲಿ ಗಡ್ಡೆಯಂತೆ ಉಬ್ಬಿರುವ ಡಿಫರೆನ್ಷಿಯಲ್ ಮಾತ್ರ ಮಣ್ಣಿನ ದಿಬ್ಬದ ಮೇಲೆ ಕುಳಿತುಬಿಟ್ಟಿರುತ್ತದೆ. ಗಾಲಿ ತಿರುಗಿದಷ್ಟೂ ಹೂಳುತ್ತದೆ, ಗಡ್ಡೆ ಕದಲುವುದಿಲ್ಲ.

ಇದಕ್ಕೆ ಜೀಪು ಪ್ರಿಯರು ಕಂಡುಕೊಂಡಿರುವ ಮದ್ದು ವಾಹನವನ್ನು ಎತ್ತರಿಸುವುದು. ಸ್ಪ್ರಿಂಗ್ ಬದಲಿಸಿ, ಪಟ್ಟಿ ಸೇರಿಸಿ, ದೊಡ್ಡ ಟೈರು ಹಾಕಿ ಜೀಪನ್ನು ಮೂರು, ನಾಲ್ಕು, ಆರು ಅಂಗುಲ ಮೇಲಕ್ಕೆ ಏರಿಸುತ್ತಾರೆ. ಗ್ಯಾರೇಜಿನವರ ಬಾಯಲ್ಲಿ ಇದು 'ಲಿಫ್ಟ್'. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯ ಜೀಪುಗಳ ಗುಂಪಿನಲ್ಲಿ ಇಂಥವು ಕಣ್ಣಿಗೆ ಬೀಳುತ್ತವೆ. ಮನೆಯಂಗಳದಲ್ಲೇ ಸ್ಪ್ಯಾನರ್ ಹಿಡಿದು ಈ ಕೆಲಸ ಮಾಡಿಕೊಳ್ಳುವವರೂ ಉಂಟು. ಹಾಗೆ ಏರಿಸಿದಾಗ ನಿಜವಾಗಿ ಮೇಲೇರುವುದು ಏನು, ಏರದೆ ಉಳಿಯುವುದು ಏನು? ಉತ್ತರ ಸಗರನಾಡಿನ ಹಳೆಯ ಬಂಡಿಯಲ್ಲೇ ಇದೆ.

ಬಂಡಿಯ ಲೆಕ್ಕ

ಉತ್ತರ ಕರ್ನಾಟಕದ ಹಳೆಯ ಮರದ ಬಂಡಿಯ ಗಾಲಿ ನಾಲ್ಕೂವರೆ ಅಡಿಯ ಆಸುಪಾಸಿನದು, ಐದು ಅಡಿಯದೂ ಉಂಟು. ಗಾಲಿಯ ಮಧ್ಯದಲ್ಲಿ ಅಚ್ಚು ಇರುವುದರಿಂದ ನೆಲದಿಂದ ಅಚ್ಚಿಗೆ ಎರಡು ಅಡಿಗೂ ಮೀರಿದ ಅಂತರ. ಅಚ್ಚಿನ ಕೆಳಗೆ ಯಾವ ಗಡ್ಡೆಯೂ ಇಲ್ಲ. ಕಬ್ಬಿಣದ ಹಳಿ ತೊಡಿಸಿದ ಸಣ್ಣ ಅಗಲದ ಗಾಲಿ ಮೇಲಿನ ರಾಡಿಯನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲವನ್ನು ಹುಡುಕುತ್ತದೆ. ಅರ್ಧ ಗಾಲಿ ಮುಳುಗುವ ಹಂತದವರೆಗೂ ಅಚ್ಚು ಮಣ್ಣು ಮುಟ್ಟುವುದಿಲ್ಲ. ದೊಡ್ಡ ಗಾಲಿಗೆ ಇನ್ನೊಂದು ಗುಣವಿದೆ: ಗುಂಡಿಯೊಳಕ್ಕೆ ಅದು ಪೂರ್ತಿ ಇಳಿಯುವುದಿಲ್ಲ, ಅಂಚಿನಿಂದ ಅಂಚಿಗೆ ದಾಟಿಬಿಡುತ್ತದೆ. ಎತ್ತುಗಳಿಗೆ ಶ್ರಮ ಕಡಿಮೆ.

ಈ ಬಂಡಿಗೆ ಸ್ಪ್ರಿಂಗ್ ಎಂಬುದೇ ಇರಲಿಲ್ಲ. ಕುಳಿತವರ ಬೆನ್ನುಮೂಳೆಯೇ ಅದರ ಸ್ಪ್ರಿಂಗ್ ಎನ್ನಬಹುದು. 1871ರಲ್ಲಿ ಮುಂಬಯಿ ಮತ್ತು ಮದ್ರಾಸಿನ ಕಡೆಯ ರೈಲು ಹಳಿಗಳು ರಾಯಚೂರಿನಲ್ಲಿ ಕೂಡಿದ ಮೇಲೆ ಯಾದಗಿರಿಗೆ ರೈಲಿನ ಸಂಪರ್ಕ ಸಿಕ್ಕಿತು. ಆದರೆ ಹೊಲದಿಂದ ನಿಲ್ದಾಣದವರೆಗಿನ ದಾರಿ ಬಂಡಿಯದೇ ಆಗಿ ಉಳಿಯಿತು.

ಎಂಜಿನಿಯರುಗಳಿಗೆ ಈ ಗಾಲಿಯ ಮೇಲೆ ಸಿಟ್ಟಿತ್ತು. ಅದರ ಕಬ್ಬಿಣದ ಹಳಿ ರಸ್ತೆಯನ್ನು ಕೊರೆದುಹಾಕುತ್ತದೆ ಎಂಬುದು ಹಳೆಯ ದೂರು. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ (ಐಐಎಂ) ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಅವರು 1970ರ ದಶಕದಿಂದಲೇ ಎತ್ತಿನ ಗಾಡಿಯ ಸುಧಾರಣೆಗಾಗಿ ಗಟ್ಟಿಯಾಗಿ ವಾದಿಸಿದರು. ನೊಗದಿಂದ ಎತ್ತಿನ ಕೊರಳಿಗೆ ಆಗುವ ಗಾಯ, ಗಾಲಿಯಿಂದ ರಸ್ತೆಗೆ ಆಗುವ ಹಾನಿ, ಎರಡೂ ಅವರ ಕಾಳಜಿಯಾಗಿದ್ದವು. ರಬ್ಬರ್ ಟೈರಿನ ಗಾಡಿ ಗಟ್ಟಿ ರಸ್ತೆಯಲ್ಲಿ ಹೆಚ್ಚು ಭಾರವನ್ನು ಹಗುರವಾಗಿ ಒಯ್ಯುತ್ತದೆ, ಅಗಲವಾದ ಟೈರು ಬೇಗ ಹೂಳುವುದೂ ಇಲ್ಲ. ಆದರೆ ಅದರ ಗಾಲಿ ಚಿಕ್ಕದು. ಗಾಲಿ ಚಿಕ್ಕದಾದರೆ ಅಚ್ಚು ನೆಲಕ್ಕೆ ಹತ್ತಿರ. ಇಷ್ಟು ನೆನಪಿಟ್ಟುಕೊಂಡರೆ ಜೀಪಿನ ಕಥೆ ಸುಲಭವಾಗುತ್ತದೆ.

ಬಿಲ್ಲಿನ ಮೇಲೆ ಕೂತ ಪೆಟ್ಟಿಗೆ

ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ಬಿಲ್ಲಿನಂತೆ ಬಾಗಿಸಿ ಗಾಡಿಗೆ ಕಟ್ಟುವ ಉಪಾಯ ಯುರೋಪಿನ ಕುದುರೆ ಸಾರೋಟುಗಳದು. 1804ರಲ್ಲಿ ಲಂಡನ್ನಿನ ಒಬಾಡಯಾ ಎಲಿಯಟ್ ಎಂಬ ಸಾರೋಟು ತಯಾರಕ ಎರಡು ಬಿಲ್ಲುಗಳನ್ನು ಎದುರುಬದುರಾಗಿ ಸೇರಿಸಿದ ಸ್ಪ್ರಿಂಗಿಗೆ ಪೇಟೆಂಟ್ ಪಡೆದ. ರೈಲು ಡಬ್ಬಿ, ಲಾರಿ, ಬಸ್ಸುಗಳಿಗೆಲ್ಲ ಪಟ್ಟಿ ಸ್ಪ್ರಿಂಗುಗಳೇ ಬಂದವು. ಅಗ್ಗ, ಗಟ್ಟಿ, ಒಂದು ಪಟ್ಟಿ ಮುರಿದರೂ ಉಳಿದವುಗಳ ಮೇಲೆ ಊರು ಸೇರಬಹುದು. ಕುಲುಮೆ ಗೊತ್ತಿರುವ ಯಾರಾದರೂ ಅದನ್ನು ಬಿಚ್ಚಿ, ಬಾಗು ಕೊಟ್ಟು, ಮತ್ತೆ ಕಟ್ಟಬಲ್ಲರು.

ಜೀಪು ಇದೇ ಪಟ್ಟಿಗಳ ಮೇಲೆ ಹುಟ್ಟಿತು. 1940ರಲ್ಲಿ ಅಮೆರಿಕದ ಸೇನೆ ಒಂದು ಹಗುರ ವಾಹನಕ್ಕಾಗಿ 135 ಕಂಪನಿಗಳನ್ನು ಕೇಳಿತು. ಮೊದಲ ಮಾದರಿ 49 ದಿನಗಳಲ್ಲಿ ಸಿದ್ಧವಾಗಬೇಕು ಎಂಬುದು ಕರಾರು. ಅವಧಿಯೊಳಗೆ ತಂದು ನಿಲ್ಲಿಸಿದ್ದು ಬ್ಯಾಂಟಮ್ ಎಂಬ ಚಿಕ್ಕ ಕಂಪನಿ; ನಕ್ಷೆ ಬರೆದವರು ಕಾರ್ಲ್ ಪ್ರಾಬ್ಸ್ಟ್. ದೊಡ್ಡ ಗುತ್ತಿಗೆ ಮಾತ್ರ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳ ಪಾಲಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಆ ಎರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದ್ದವು.

ಸೇನೆ ಕೇಳಿದ್ದೇನೆಂಬುದು ಇಲ್ಲಿ ಮುಖ್ಯ. ಗಾಜು ಮಡಚಿದಾಗ ವಾಹನದ ಎತ್ತರ 36 ಅಂಗುಲ ಮೀರಬಾರದು ಎಂದು ಮೊದಲ ಪಟ್ಟಿಯಲ್ಲಿತ್ತು. ಶತ್ರುವಿನ ಕಣ್ಣಿಗೆ ಬೀಳಬಾರದು, ಪೊದೆಯ ಹಿಂದೆ ಅಡಗಬೇಕು. ಅಂದರೆ ಜೀಪು ಹುಟ್ಟಿದ್ದು ತಗ್ಗಿನ ವಾಹನವಾಗಿ. ಅದರ ಪಟ್ಟಿಗಳನ್ನು ಅಚ್ಚಿನ ಮೇಲೆ ಇಡದೆ ಅಚ್ಚಿನ ಕೆಳಗೆ ಕಟ್ಟಿದ್ದರಿಂದಲೂ ಮೈ ಕೆಳಗೇ ಉಳಿಯಿತು. ಮುಂದೆ ಜಗತ್ತಿನಾದ್ಯಂತ ಜನ ಇದೇ ಜೀಪನ್ನು ಎತ್ತರಿಸಲು ಪಟ್ಟ ಪಾಡು ನೋಡಿದರೆ ಆ ನಕ್ಷೆ ಬರೆದವರಿಗೆ ನಗು ಬರುತ್ತಿತ್ತೇನೋ.

ಭಾರತದಲ್ಲಿ 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಹುಟ್ಟಿದ ಮಹೀಂದ್ರ ಕಂಪನಿ 1940ರ ದಶಕ ಮುಗಿಯುವ ಮುನ್ನವೇ ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿತು. ಅಲ್ಲಿಂದ ಮುಂದೆ ಅರಣ್ಯ ಇಲಾಖೆ, ಪೊಲೀಸ್, ತಹಶೀಲ್ದಾರರ ಕಚೇರಿ, ಕಾಫಿ ತೋಟ, ಚುನಾವಣಾ ಪ್ರಚಾರ ಎಲ್ಲೆಡೆ ಜೀಪು ನಿಂತಿತು. ಹೈದರಾಬಾದು ಪ್ರಾಂತ್ಯದಲ್ಲಿದ್ದ ಶಹಾಪುರ, ಸುರಪುರಗಳು 1956ರಲ್ಲಿ ಕನ್ನಡ ರಾಜ್ಯಕ್ಕೆ ಸೇರಿದ ಮೇಲಿನ ದಶಕಗಳಲ್ಲಿ 'ಸರ್ಕಾರ ಬಂತು' ಎಂದರೆ ಹಳ್ಳಿಯವರ ಕಣ್ಣಿಗೆ ಜೀಪು ಬಂತು ಎಂದೇ ಅರ್ಥ.

1985ರ ಡಿಸೆಂಬರಿನಲ್ಲಿ ಮಾರುತಿ ಜಿಪ್ಸಿ ಬಂತು. ಅದಕ್ಕೂ ನಾಲ್ಕು ಗಾಲಿಗೂ ಪಟ್ಟಿಗಳೇ, ಅವೂ ಅಚ್ಚಿನ ಕೆಳಗೇ. 2020ರಲ್ಲಿ ಬಂದ ಎರಡನೆಯ ತಲೆಮಾರಿನ ಥಾರ್‌ನಲ್ಲಿ ಪಟ್ಟಿ ಪೂರ್ತಿ ಮಾಯವಾಗಿ ಸುರುಳಿ ಸ್ಪ್ರಿಂಗುಗಳು ಕೂತವು. ಮನೆಯಲ್ಲಿ ಎತ್ತರಿಸುವವರ ಅಚ್ಚುಮೆಚ್ಚಿನ ವಾಹನಗಳು ಮಾತ್ರ ಇಂದಿಗೂ ಹಳೆಯ ಮಹೀಂದ್ರ ಜೀಪು ಮತ್ತು ಜಿಪ್ಸಿ. ಕಾರಣ ಸರಳ: ಬಿಚ್ಚಲು, ಕಟ್ಟಲು ಬರುತ್ತದೆ.

ಅಂಗಳದ ಶಸ್ತ್ರಚಿಕಿತ್ಸೆ

ಎತ್ತರಿಸಲು ಹಾದಿಗಳು ಹಲವು. ಅತಿ ಅಗ್ಗದ್ದು ಪಟ್ಟಿಯ ತುದಿಯನ್ನು ಚಾಸಿಗೆ ತೂಗುಹಾಕುವ ಶ್ಯಾಕಲ್ ಎಂಬ ಜೋಡಿ ತುಂಡುಗಳನ್ನು ಉದ್ದ ಮಾಡುವುದು. ಶ್ಯಾಕಲ್ ಎರಡು ಅಂಗುಲ ಉದ್ದವಾದರೆ ಜೀಪು ಏರುವುದು ಸುಮಾರು ಒಂದೇ ಅಂಗುಲ, ಏಕೆಂದರೆ ಪಟ್ಟಿಯ ಒಂದು ತುದಿ ಮಾತ್ರ ಕೆಳಗಿಳಿದಿರುತ್ತದೆ. ಎರಡನೆಯದು ಪಟ್ಟಿ ಸೇರಿಸುವುದು ಅಥವಾ ಇರುವ ಪಟ್ಟಿಗಳಿಗೆ ಹೆಚ್ಚು ಬಾಗು ಕೊಡಿಸುವುದು. ಲಾರಿ ಗ್ಯಾರೇಜುಗಳಲ್ಲಿ ಭಾರ ಹೊರಲೆಂದು ತಲೆಮಾರುಗಳಿಂದ ನಡೆದುಬಂದ ಕೆಲಸವಿದು. ಜೀಪಿಗೆ ಮಾಡಿದರೆ ಮೈ ಏರುತ್ತದೆ, ಜೊತೆಗೆ ಕುದುರೆಯಂತೆ ಕುಪ್ಪಳಿಸುತ್ತದೆ.

ಮೂರನೆಯದು ಧೈರ್ಯವಂತರದು. ಅಚ್ಚಿನ ಕೆಳಗಿರುವ ಪಟ್ಟಿಗಳನ್ನು ಬಿಚ್ಚಿ ಅಚ್ಚಿನ ಮೇಲೆ ಕೂರಿಸುವುದು. ಅಚ್ಚಿನ ದಪ್ಪ, ಪಟ್ಟಿಕಟ್ಟಿನ ದಪ್ಪ, ಅದು ಕೂರುವ ಆಸನದ ಎತ್ತರ ಸೇರಿ ಒಮ್ಮೆಗೇ ಐದಾರು ಅಂಗುಲ ಸಿಗುತ್ತದೆ. ಪಟ್ಟಿ ಹಳೆಯದೇ ಆದ್ದರಿಂದ ಸವಾರಿಯ ಮೃದುತ್ವ ಕೆಡುವುದಿಲ್ಲ. ಆದರೆ ಹೊಸ ಆಸನಗಳನ್ನು ಅಚ್ಚಿಗೆ ಬೆಸೆಯಬೇಕು. ಆ ಬೆಸುಗೆ ಬಿಟ್ಟರೆ ಅಚ್ಚೇ ವಾಹನದಿಂದ ಬಿಡಿಸಿಕೊಂಡಂತೆ.

ಅಂಗಳದಲ್ಲಿ ಕೆಲಸ ನಡೆಯುವ ಕ್ರಮ ಹೀಗೆ. ಗಟ್ಟಿ, ಸಮತಟ್ಟು ನೆಲ. ಎದುರು ತುದಿಯ ಗಾಲಿಗಳಿಗೆ ಕಲ್ಲಿನ ಅಡ್ಡ. ಜಾಕಿನಿಂದ ಎತ್ತಿದ ಮೇಲೆ ಚಾಸಿಯ ಕೆಳಗೆ ಕಬ್ಬಿಣದ ಸ್ಟ್ಯಾಂಡು. ಎಣ್ಣೆಯ ಜಾಕು ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕಲ್ಲ. ಅದರೊಳಗಿನ ವಾಷರ್ ಸೋತರೆ ಕೆಳಗೆ ಮಲಗಿದವನ ಎದೆಯ ಮೇಲೆ ಒಂದು ಟನ್ ಇಳಿಯುತ್ತದೆ. ಅಚ್ಚನ್ನು ಇನ್ನೊಂದು ಜಾಕಿನ ಮೇಲೆ ಆನಿಸಿ ಯು ಬೋಲ್ಟುಗಳನ್ನು ಬಿಚ್ಚಬೇಕು. ಒಮ್ಮೆ ಬಿಗಿದ ಯು ಬೋಲ್ಟು ಹಿಗ್ಗಿರುತ್ತದೆ, ಅದನ್ನು ಮತ್ತೆ ಬಳಸುವಂತಿಲ್ಲ. ಪಟ್ಟಿಯ ನಡುವಿನ ಸೆಂಟರ್ ಬೋಲ್ಟಿನ ತಲೆ ಅಚ್ಚಿನ ಆಸನದ ಕುಳಿಯಲ್ಲಿ ಸರಿಯಾಗಿ ಕೂರಬೇಕು. ಕೂರದಿದ್ದರೆ ಅಚ್ಚು ಓರೆಯಾಗಿ ವಾಹನ ಏಡಿಯಂತೆ ನಡೆಯುತ್ತದೆ. ಶ್ಯಾಕಲ್ ಬೋಲ್ಟುಗಳ ಕೊನೆಯ ಬಿಗಿತ ಜೀಪು ನೆಲಕ್ಕೆ ಇಳಿದು ತನ್ನ ಭಾರದಲ್ಲಿ ನಿಂತ ಮೇಲೆಯೇ. ಗಾಳಿಯಲ್ಲಿ ಬಿಗಿದರೆ ರಬ್ಬರ್ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಮತ್ತೆ ಬಿಗಿಯಬೇಕು.

ಇಷ್ಟಾದರೆ ಅರ್ಧ ಕೆಲಸ. ಅಚ್ಚಿನಿಂದ ಮೈ ದೂರವಾದಾಗ ಎರಡಕ್ಕೂ ಕೊಂಡಿಯಾಗಿದ್ದ ಪ್ರತಿಯೊಂದೂ ಎಳೆದುಕೊಳ್ಳುತ್ತದೆ. ಬ್ರೇಕಿನ ರಬ್ಬರ್ ಕೊಳವೆ ಚಿಕ್ಕದಾಗಿ, ಗುಂಡಿಯಲ್ಲಿ ಗಾಲಿ ಇಳಿದಾಗ ಕಿತ್ತುಬರಬಹುದು. ಎಂಜಿನಿನಿಂದ ಅಚ್ಚಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಹೆಚ್ಚು ಇಳಿಜಾರಾಗಿ ಅದರ ಕ್ರಾಸ್ ಜಾಯಿಂಟುಗಳು ನಡುಗಿ ಸವೆಯುತ್ತವೆ. ಸ್ಟಿಯರಿಂಗಿನ ರಾಡು ಓರೆಯಾದ್ದರಿಂದ ಪ್ರತಿ ಹಳ್ಳಕ್ಕೂ ಗಾಲಿ ತಾನಾಗಿಯೇ ತಿರುಗಲು ನೋಡುತ್ತದೆ. ಚಾಲಕ ತಿರುಗಿಸದೆಯೇ ಜೀಪು ಪಕ್ಕಕ್ಕೆ ಹಾಯುತ್ತದೆ. ಇವನ್ನೆಲ್ಲ ಸರಿಪಡಿಸದೆ ಬರೀ ಎತ್ತರಿಸಿ ರಸ್ತೆಗೆ ತಂದರೆ ಅದು ಅರ್ಧ ಹೊಲಿದ ಗಾಯದೊಂದಿಗೆ ರೋಗಿಯನ್ನು ಮನೆಗೆ ಕಳಿಸಿದಂತೆ.

ಈಗ ಬಂಡಿಯ ಲೆಕ್ಕಕ್ಕೆ ಬರೋಣ. ಹಳೆಯ ಜೀಪಿನ ಟೈರು ಸುಮಾರು 28 ಅಂಗುಲ ಎತ್ತರ ಎಂದುಕೊಳ್ಳೋಣ. ಅಚ್ಚಿನ ನಡುಮಧ್ಯ ನೆಲದಿಂದ 14 ಅಂಗುಲ, ಬಂಡಿಯ ಅಚ್ಚಿನ ಅರ್ಧ. ಡಿಫರೆನ್ಷಿಯಲ್ ಗಡ್ಡೆಯ ತಳ ಇನ್ನೂ ಕೆಳಗೆ, ಎಂಟೊಂಬತ್ತು ಅಂಗುಲದಲ್ಲಿ. ಈ ಜೀಪಿಗೆ ನಾಲ್ಕು ಅಂಗುಲದ ಲಿಫ್ಟ್ ಹಾಕಿ, 31 ಅಂಗುಲದ ಟೈರು ತೊಡಿಸಿದರೆ ಮೈ ಏರುವುದು ಐದೂವರೆ ಅಂಗುಲ. ಗಡ್ಡೆ ಏರುವುದು ಬರೀ ಒಂದೂವರೆ. ಟೈರಿನ ಎತ್ತರದಲ್ಲಿ ಹೆಚ್ಚಿದ ಮೂರು ಅಂಗುಲದ ಅರ್ಧ ಅದು. ಟೈರು ಬದಲಿಸದೆ ಬರೀ ಸ್ಪ್ರಿಂಗಿನ ಲಿಫ್ಟ್ ಹಾಕಿದರೆ ಗಡ್ಡೆ ಒಂದು ಕೂದಲೆಳೆಯಷ್ಟೂ ಏರುವುದಿಲ್ಲ. ಸ್ಪ್ರಿಂಗ್ ಇರುವುದು ಅಚ್ಚು ಮತ್ತು ಮೈಯ ನಡುವೆ. ನೆಲ ಮತ್ತು ಅಚ್ಚಿನ ನಡುವೆ ಇರುವುದು ಗಾಲಿ ಮಾತ್ರ.

ಹಾಗಾದರೆ ಲಿಫ್ಟ್ ವ್ಯರ್ಥವೇ? ಅಲ್ಲ. ಕಲ್ಲುಬಂಡೆಯ ದಾರಿಯಲ್ಲಿ ಹೊಟ್ಟೆ, ಬಂಪರ್ ತಗುಲದೆ ಹತ್ತಿಳಿಯಲು ಮೈಯ ಎತ್ತರ ಬೇಕು. ದೊಡ್ಡ ಟೈರು ಮಡ್‌ಗಾರ್ಡಿಗೆ ಉಜ್ಜದೆ ತಿರುಗಲು ಜಾಗ ಬೇಕು. ಕೊಡಚಾದ್ರಿ, ಮಾಂದಲಪಟ್ಟಿಯಂಥ ಕಡೆ ಪ್ರವಾಸಿಗರನ್ನು ಹತ್ತಿಸುವ ಜೀಪುಗಳ ದಾರಿ ಕಂಡವರಿಗೆ ಇದು ಅರ್ಥವಾದೀತು. ಎರೆಮಣ್ಣಿನಲ್ಲಿ ಮಾತ್ರ ಲಿಫ್ಟು ಕೊಟ್ಟ ಮಾತನ್ನು ಪೂರ್ತಿ ಉಳಿಸಿಕೊಳ್ಳುವುದಿಲ್ಲ. ಜರ್ಮನಿಯ ಊನಿಮೊಗ್ ಲಾರಿಯವರು ಎರಡನೆಯ ಮಹಾಯುದ್ಧದ ಬೆನ್ನಿಗೇ ಬೇರೆ ಹಾದಿ ಹಿಡಿದರು: ಗಾಲಿಯ ಗುಂಬದೊಳಗೆ ಹಲ್ಲಿನ ಚಕ್ರಗಳನ್ನಿಟ್ಟು ಅಚ್ಚನ್ನೇ ಗಾಲಿಯ ನಡುವಿಗಿಂತ ಮೇಲಕ್ಕೆ ತಂದರು. ಅದು ನಿಜವಾದ ಲಿಫ್ಟು. ಅಂಗಳದಲ್ಲಿ ಆಗುವ ಕೆಲಸವಲ್ಲ.

ಎತ್ತರದ ಬೆಲೆ

ವಾಹನ ಮಗುಚದೆ ನಿಲ್ಲುವ ಗುಣವನ್ನು ಅಳೆಯಲು ಒಂದು ಸರಳ ಭಾಗಾಕಾರವಿದೆ. ಎಡ, ಬಲ ಗಾಲಿಗಳ ನಡುವಿನ ಅಂತರದ ಅರ್ಧವನ್ನು ಭಾರಕೇಂದ್ರದ ಎತ್ತರದಿಂದ ಭಾಗಿಸಬೇಕು. ಹಳೆಯ ಜೀಪಿನ ಗಾಲಿಗಳ ಅಂತರ ಸುಮಾರು 48 ಅಂಗುಲ, ಅರ್ಧ 24. ಭಾರಕೇಂದ್ರವೂ 24 ಅಂಗುಲದಲ್ಲಿದೆ ಎಂದು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಂಡರೆ ಬರುವುದು 1. ಲಿಫ್ಟಿನಿಂದ ಭಾರಕೇಂದ್ರ ನಾಲ್ಕು ಅಂಗುಲ ಏರಿದರೆ ಅದು 0.86ಕ್ಕೆ ಇಳಿಯುತ್ತದೆ. ಒಣ ಡಾಂಬರಿನ ಮೇಲೆ ಟೈರಿನ ಹಿಡಿತ ಇದೇ ಅಳತೆಯಲ್ಲಿ ಸುಮಾರು 0.7ರಿಂದ 0.8. ಅಂದರೆ ಮೊದಲು ಜಾರಿ ಪಾರಾಗುತ್ತಿದ್ದ ವಾಹನ ಈಗ ಮಗುಚುವ ಗಡಿಗೆ ಬಂದು ನಿಂತಿತು. ಪಕ್ಕದ ಗುಂಡಿಯೊಂದು, ಕಲ್ಲೊಂದು ಸಾಕು.

ಇದು ಬರೀ ಕಾಗದದ ಲೆಕ್ಕವಲ್ಲ. ಅಮೆರಿಕದಲ್ಲಿ 1980ರ ಡಿಸೆಂಬರಿನಲ್ಲಿ '60 ಮಿನಿಟ್ಸ್' ಎಂಬ ಟೀವಿ ಕಾರ್ಯಕ್ರಮ ಸಿಜೆ-5 ಜೀಪು ತಿರುವಿನಲ್ಲಿ ಮಗುಚುವುದನ್ನು ತೋರಿಸಿದಾಗ ದೊಡ್ಡ ಕೋಲಾಹಲವಾಯಿತು. 1988ರಲ್ಲಿ 'ಕನ್ಸ್ಯೂಮರ್ ರಿಪೋರ್ಟ್ಸ್' ಪತ್ರಿಕೆ ಜಿಪ್ಸಿಯ ಕುಲದ್ದೇ ಆದ ಸುಜುಕಿ ಸಮುರಾಯ್ ವಾಹನವನ್ನು ಸ್ವೀಕಾರಾರ್ಹವಲ್ಲ ಎಂದು ಸಾರಿತು. ಪರೀಕ್ಷೆಯೇ ಸರಿಯಿಲ್ಲ ಎಂದು ಸುಜುಕಿ ಮೊಕದ್ದಮೆ ಹೂಡಿ, ಅದು 2004ರಲ್ಲಿ ರಾಜಿಯಲ್ಲಿ ಮುಗಿಯಿತು. ಯಾರ ವಾದ ಸರಿ ಎಂಬುದು ಬೇರೆ ಮಾತು. ಇವೆರಡೂ ಕಾರ್ಖಾನೆಯಿಂದ ಬಂದ ಎತ್ತರದ ಬಗೆಗಿನ ಜಗಳಗಳು ಎಂಬುದನ್ನು ಮರೆಯಬಾರದು. 2001ರಿಂದ ಅಮೆರಿಕದ ಸರ್ಕಾರವೇ ಮೇಲಿನ ಭಾಗಾಕಾರದ ಆಧಾರದಲ್ಲಿ ಹೊಸ ವಾಹನಗಳಿಗೆ ಅಂಕ ಕೊಡತೊಡಗಿತು.

ನಮ್ಮಲ್ಲಿ ಭಾರಕೇಂದ್ರ ಏರಿಸಲು ಲಿಫ್ಟೇ ಬೇಕಾಗಿಲ್ಲ. ಒಳಗೆ ಜಾಗ ಸಾಲದೆ ಮೇಲ್ಛಾವಣಿಯ ಕ್ಯಾರಿಯರ್ ಮೇಲೆ ಜನರನ್ನು ಕೂರಿಸಿಕೊಂಡು ಹೋಗುವ ಜೀಪು, ಕ್ರೂಸರ್‌ಗಳನ್ನು ಕಲ್ಯಾಣ ಕರ್ನಾಟಕದ ರಸ್ತೆಗಳಲ್ಲಿ ಯಾರು ನೋಡಿಲ್ಲ? ಹತ್ತು ಜನ ಮೇಲೆ ಕೂತರೆ ಸ್ಪ್ರಿಂಗ್ ಕುಗ್ಗಿ ಮೈ ತಗ್ಗುತ್ತದೆ, ನೋಡುವವರಿಗೆ ವಾಹನ ಗಟ್ಟಿಯಾಗಿ ಕೂತಂತೆ ಕಾಣುತ್ತದೆ. ಭಾರಕೇಂದ್ರ ಮಾತ್ರ ಮೇಲೆ ಹೋಗಿರುತ್ತದೆ. ಹವ್ಯಾಸಕ್ಕೆ ಜೀಪು ಎತ್ತರಿಸುವವನು ಅಪಾಯವನ್ನು ಕಾಸು ಕೊಟ್ಟು ಕೊಳ್ಳುತ್ತಾನೆ. ಕೂಲಿಗೆ ಹೊರಟವರಿಗೆ ಅದು ಟಿಕೆಟ್ಟಿನ ಜೊತೆಗೇ ಸಿಗುತ್ತದೆ.

ಕಾನೂನು ಏನೆನ್ನುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ 2000ರಲ್ಲಿ ತಿದ್ದುಪಡಿಯಾಯಿತು. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ಗೊತ್ತುಪಡಿಸಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ ಎಂಬುದು ಅದರ ಸಾರ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿ 9ರಂದು ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ, ಇಲ್ಲವೇ ಎರಡನ್ನೂ ವಿಧಿಸಲು ದಾರಿ ಮಾಡಿತು. ಅಂಗಳದಲ್ಲಿ ಎತ್ತರಿಸಿದ ಜೀಪನ್ನು ಟ್ರಕ್ಕಿನ ಮೇಲೇರಿಸಿ ಖಾಸಗಿ ಮೈದಾನದ ಸ್ಪರ್ಧೆಗೆ ಒಯ್ಯುವವರ ಮಾತು ಬೇರೆ. ಅದೇ ಜೀಪಿನಲ್ಲಿ ಮಕ್ಕಳನ್ನು ಶಾಲೆಗೆ ಬಿಡಲು ಹೋಗಿ ಅಪಘಾತವಾದರೆ ವಿಮೆಯವರು ಕೇಳುವ ಮೊದಲ ಪ್ರಶ್ನೆಗೆ ಉತ್ತರ ಕಷ್ಟ.

ಇತ್ತ ಸಗರನಾಡಿನ ಮಣ್ಣೂ ಮೊದಲಿನಂತಿಲ್ಲ. 1982ರಲ್ಲಿ ನಾರಾಯಣಪುರದಲ್ಲಿ ಕೃಷ್ಣೆಗೆ ಅಡ್ಡವಾಗಿ ಬಸವಸಾಗರ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಶಹಾಪುರ, ಸುರಪುರದ ಹೊಲಗಳಿಗೆ ಹರಿದ ಮೇಲೆ ಜೋಳ, ಹತ್ತಿಯ ನೆಲದಲ್ಲಿ ಭತ್ತ ಬಂತು. ಮಳೆಗಾಲದಲ್ಲಷ್ಟೇ ಇರುತ್ತಿದ್ದ ರಾಡಿ ಬೇಸಿಗೆಯಲ್ಲೂ ಕಾಣತೊಡಗಿತು. ಗದ್ದೆಗೆ ಇಳಿಯುವ ಟ್ರ್ಯಾಕ್ಟರಿಗೆ ಕಬ್ಬಿಣದ ಪಂಜರದಂಥ ಕೇಜ್ ವೀಲ್ ಬಂತು. ಅದು ಡಾಂಬರು ಕಿತ್ತುಹಾಕುತ್ತದೆ ಎಂದು ಹಿಂದೆ ಬಂಡಿಯ ಹಳಿಯ ಮೇಲಿದ್ದ ದೂರೇ ಈಗ ಇದರ ಮೇಲೆ. ಮರದ ಗಾಲಿಯ ಬಂಡಿಗಳು ಅಪರೂಪವಾದವು. ಇಂಥ ಹೊಲದ ದಾರಿಯಲ್ಲಿ ಜೀಪು ಹೂತುಕೊಂಡರೆ, ಲಿಫ್ಟ್ ಇರಲಿ ಬಿಡಲಿ, ಸರಪಳಿ ಹಾಕಿ ಎಳೆಯಲು ಬರುವುದು ಟ್ರ್ಯಾಕ್ಟರು. ಅದರ ಹಿಂದಿನ ಗಾಲಿಯ ಪಕ್ಕ ನಿಂತು ಅಳೆದರೆ ಎತ್ತರ ನಾಲ್ಕೂವರೆ ಅಡಿಯ ಆಸುಪಾಸು, ಅಜ್ಜನ ಬಂಡಿಯ ಗಾಲಿಯಷ್ಟೇ.